ಇನ್‌ಕ್ಲೂಸಿವ್ ಲೀಡರ್‌ಶಿಪ್ ಅಂತ ಕನ್ಸಲ್ಟೆಂಟ್ ಕರೆಸೋಕ್ ಮುಂಚೆ ಇದನ್ನ ಓದಿ (ತುಮಕೂರು ಕಡೆಯವ್ರು ಮುಖ್ಯವಾಗಿ)

ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಯೂನಿಟ್ ನಡೆಸೋರು, ಎಚ್.ಆರ್. ನಲ್ಲಿರೋರು ದಯವಿಟ್ಟು ಓದಿ. ಇನ್‌ಕ್ಲೂಸಿವ್ ಲೀಡರ್‌ಶಿಪ್ ಅಂದ್ರೆ ಭೇದಭಾವ ಮಾಡ್ದೆ ಎಲ್ರನ್ನೂ ಸೇರಿಸ್ಕೊಂಡು ಕೆಲಸ ನಡೆಸೋದು, ಅದನ್ನ ಕಲಿಸ್ತೀವಿ ಅಂತ ಬರೋರು ಇವ್ರು. ನಾನೂ ಎಚ್.ಆರ್. ನಲ್ಲೇ ಇರೋದು, ಕಂಪನಿ ಹೆಸರು ಬೇಡ, ನಾವು ಕರೆಸಿದ ಕನ್ಸಲ್ಟೆನ್ಸಿ ಹೆಸರೂ ಬರೆಯಲ್ಲ, ಯಾಕಂದ್ರೆ ಈ ಥರದವ್ರು ಒಬ್ರೇ ಅಲ್ಲ, ಬೆಂಗಳೂರಿಂದ ವಾರಕ್ಕೊಂದು ಪ್ರಪೋಸಲ್ ಬರ್ತಾನೇ ಇರತ್ತೆ.

ಯಾಕೆ ಇಷ್ಟೊಂದು ಬರ್ತಿದೆ ಅಂದ್ರೆ, ಶೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯವ್ರು 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳಿಗೆ ಬಿ.ಆರ್.ಎಸ್.ಆರ್. (ಕಂಪನಿ ಎಷ್ಟು ಜವಾಬ್ದಾರಿಯಿಂದ ನಡೀತಿದೆ ಅಂತ ಹೇಳೋ) ರಿಪೋರ್ಟ್ ಕಡ್ಡಾಯ ಮಾಡಿದಾರೆ, ಅದ್ರಲ್ಲಿ ಹೆಂಗಸ್ರು ಎಷ್ಟು ಜನ, ಸಂಬಳ ಎಷ್ಟು, ಅಂಗವಿಕಲರು ಎಷ್ಟು, ದೂರು ಎಷ್ಟು ಎಲ್ಲಾ ತುಂಬ್ಬೇಕು. ಅವ್ರಿಗೆ ಮಾಲ್ ಕೊಡೋ ನಮ್ಮಂಥ ಸಣ್ಣ ಯೂನಿಟ್‌ಗೂ ಆ ಬಿಸಿ ತಟ್ಟತ್ತೆ. ನಮ್ಮ ಕಸ್ಟಮರ್ ಕಡೆಯಿಂದ ಈ ವಿಷಯಕ್ಕೇ ಒಂದು ಮೇಲ್ ಬಂತು, ಎಂ.ಡಿ. ಸಾಹೇಬ್ರು ಯಾರ್ನಾದ್ರೂ ಹಿಡೀರಿ ಅಂದ್ರು, ಅವ್ರ ಪರಿಚಯದವ್ರೇ ಯಾರೋ ಈ ಕನ್ಸಲ್ಟೆನ್ಸಿ ಹೇಳಿದ್ರು, ಅರ್ಧ ದುಡ್ಡು ಅಡ್ವಾನ್ಸ್.

ಫಸ್ಟು ಬಂದಿದ್ದು ಸರ್ವೆ. ಗೂಗಲ್ ಫಾರಂ, ಪೂರ್ತಿ ಇಂಗ್ಲಿಷು. ನಮ್ಮಲ್ಲಿ ಶಿಫ್ಟ್ ಟೈಮಲ್ಲಿ ಮೊಬೈಲು ಲಾಕರ್‌ನಲ್ಲಿ ಇಡ್ಬೇಕು, ಲೈನಲ್ಲಿ ಕೆಲಸ ಮಾಡೋ ಹುಡ್ಗೀರು ಕೊರಟಗೆರೆ ಮಧುಗಿರಿ ಶಿರಾ ಕಡೆಯಿಂದ ಬಸ್ಸಲ್ಲಿ ಬರೋರು. ಕನ್ನಡದಲ್ಲಿ ಕೊಡಿ ಅಂದ್ರೆ ಎಕ್ಸ್‌ಟ್ರಾ ಚಾರ್ಜ್ ಅಂದ್ರು. ಕೊನೆಗೆ ನಾವೇ ಕನ್ನಡಕ್ಕೆ ಮಾಡಿ ಪ್ರಿಂಟ್ ತೆಗ್ದು ಊಟದ ಟೈಮಲ್ಲಿ ಬರ್ಸಿದ್ವಿ, ಹೆಸರು ಬರೀಬೇಡಿ, ಏನಿದ್ರೂ ಧೈರ್ಯವಾಗಿ ಬರೀರಿ ಅಂತ ಅವ್ರ ಟ್ರೈನರ್ರೇ ಎದುರಿಗೆ ನಿಂತು ಹೇಳಿದ್ರು.

ಹೆಸರು ಇರ್ಲಿಲ್ಲ ನಿಜ. ಆದ್ರೆ ಡಿಪಾರ್ಟ್‌ಮೆಂಟು, ಗಂಡೋ ಹೆಣ್ಣೋ, ವಯಸ್ಸು, ಸರ್ವಿಸ್ ಎಷ್ಟು ವರ್ಷ ಎಲ್ಲಾ ಇತ್ತು. ನಮ್ಮ ಕ್ವಾಲಿಟಿ ಸೆಕ್ಷನ್‌ನಲ್ಲಿ ನಲವತ್ತು ದಾಟಿದ ಹೆಂಗಸು ಅಂದ್ರೆ ಒಬ್ರೇ. ಅವ್ರು ಶಿಫ್ಟ್ ಇನ್‌ಚಾರ್ಜ್ ಹೆಂಗೆ ಮಾತಾಡ್ತಾನೆ ಅಂತ ಬರ್ದಿದ್ರು. ಕನ್ಸಲ್ಟೆನ್ಸಿಯವ್ರು ಏನ್ ಮಾಡಿದ್ರು ಗೊತ್ತಾ, ಎಲ್ಲರ ಉತ್ತರ ಇರೋ ಎಕ್ಸೆಲ್ ಶೀಟನ್ನ ಹಂಗ್ ಹಂಗೇ, ಒಂದು ಸಾಲೂ ತೆಗೀದೆ, ಎಲ್ಲಾ ಸೆಕ್ಷನ್ ಹೆಡ್‌ಗಳಿಗೂ ಮೇಲ್ ಮಾಡಿದ್ರು, ಫಾರ್ ಯುವರ್ ಆಕ್ಷನ್ ಅಂತ! ಮಾರನೇ ದಿನ ಇನ್‌ಚಾರ್ಜ್ ಬಂದು ಏನಕ್ಕಾ ನನ್ ಬಗ್ಗೆ ಕಥೆ ಬರ್ದಿದೀಯಂತೆ ಅಂದನಂತೆ, ಅದೇ ವಾರ ಅವ್ರನ್ನ ಕೂತು ಮಾಡೋ ಇನ್‌ಸ್ಪೆಕ್ಷನ್ ಟೇಬಲ್‌ನಿಂದ ದಿನವಿಡೀ ನಿಲ್ಲೋ ಪ್ಯಾಕಿಂಗ್‌ಗೆ ಹಾಕಿದ್ರು. ನನ್ ಹತ್ರ ಬಂದು ಹೆಸರು ಬರಲ್ಲ ಅಂದಿದ್ರಲ್ಲ ಮೇಡಂ ಅಂದ್ರು, ನಾನೇನ್ ಹೇಳ್ಲಿ.

ಸರಿಯಾಗಿ ಈ ಕೆಲಸ ಮಾಡೋರು ಸಣ್ಣ ಗುಂಪಿನ ಉತ್ತರಾನ ಬೇರೆಯಾಗಿ ತೋರ್ಸೋದೇ ಇಲ್ಲ. ಐದು ಜನಕ್ಕಿಂತ ಕಮ್ಮಿ ಇದ್ರೆ (ಕೆಲವ್ರು ಹತ್ತು ಅಂತಾರೆ) ಬೇರೆ ಸೆಕ್ಷನ್ ಜೊತೆ ಸೇರ್ಸಿ ಲೆಕ್ಕ ಕೊಡ್ತಾರೆ, ಮೂಲ ಶೀಟು ಕಂಪನಿ ಕೈಗೇ ಕೊಡಲ್ಲ. ಅಗ್ರಿಮೆಂಟ್‌ನಲ್ಲಿ ಈ ಒಂದು ಸಾಲು ಇದ್ಯಾ ನೋಡಿ, ಇಲ್ಲ ಅಂದ್ರೆ ಸೈನ್ ಮಾಡ್ಲೇಬೇಡಿ.

ಆಮೇಲೆ ವರ್ಕ್‌ಶಾಪು. ಎಲ್ರನ್ನೂ ಸಾಲಾಗಿ ನಿಲ್ಲಿಸಿ, ಅಪ್ಪ ಅಮ್ಮ ಕಾಲೇಜು ಓದಿದ್ರೆ ಒಂದು ಹೆಜ್ಜೆ ಮುಂದೆ, ಚಿಕ್ಕವರಿದ್ದಾಗ ಊಟಕ್ಕೆ ಕಷ್ಟ ಇದ್ರೆ ಒಂದು ಹೆಜ್ಜೆ ಹಿಂದೆ. ಪ್ರಿವಿಲೇಜ್ ವಾಕ್ ಅಂತೆ. ಪ್ರಶ್ನೆ ಮುಗಿಯೋ ಹೊತ್ತಿಗೆ ಮ್ಯಾನೇಜರ್‌ಗಳೆಲ್ಲ ಪ್ರೊಜೆಕ್ಟರ್ ಸ್ಕ್ರೀನ್ ಹತ್ರ, ಹೌಸ್‌ಕೀಪಿಂಗ್ ಅಮ್ಮ ಒಬ್ರು ಹಿಂದೆ ಗೋಡೆಗೆ ಬೆನ್ನು ಹಚ್ಕೊಂಡು ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕ ನಿಂತಿದಾರೆ, ಇನ್ನೂ ಹಿಂದಕ್ಕೆ ಹೋಗೋಕೆ ಜಾಗ ಇಲ್ಲ. ಟ್ರೈನರ್ ಮೈಕ್ ಹಿಡ್ಕೊಂಡು ಹೋಗಿ ಈಗ ನಿಮಗೆ ಹೇಗನ್ಸ್ತಿದೆ ಅಂತ ಕೇಳಿದ್ರು. ಕಾಲು ನೋಯ್ತದೆ ಮೇಡಂ, ಕೂತ್ಕೊಳ್ಲಾ ಅಂದ್ರು ಆ ಅಮ್ಮ. ಎಲ್ರೂ ನಕ್ಕರು. ಅದರ ಫೋಟೋ ಸಂಜೆಗೇ ಲಿಂಕ್ಡ್‌ಇನ್‌ನಲ್ಲಿ, ಅವ್ರನ್ನ ಒಂದು ಮಾತು ಕೇಳ್ದೆ.

ಮೆಂಟೆನೆನ್ಸ್ ಹುಡುಗ ಒಬ್ಬ ಎದ್ದು ನಿಂತು, ಮೇಡಂ ಕ್ಯಾಂಟೀನಲ್ಲಿ ಬಡಿಸೋಕೆ ಯಾರನ್ನ ಹಾಕ್ತಾರೆ, ಟಾಯ್ಲೆಟ್ ತೊಳ್ಯೋಕೆ ಯಾರನ್ನ ಹಾಕ್ತಾರೆ, ಅದನ್ನ ಮಾತಾಡೋಣ್ವಾ ಅಂದ. ನನ್ ಪ್ರಕಾರ ಅವತ್ತು ಆ ಹಾಲಲ್ಲಿ ಬಂದ ಒಂದೇ ಒಂದು ಕೆಲಸಕ್ಕೆ ಬರೋ ಮಾತು ಅದು. ಟ್ರೈನರ್ ಅದು ಸ್ವಲ್ಪ ಸೆನ್ಸಿಟಿವ್, ಪಾರ್ಕಿಂಗ್ ಲಾಟ್‌ಗೆ ಹಾಕೋಣ (ಅಂದ್ರೆ ಆಮೇಲೆ ಮಾತಾಡೋಣ) ಅಂತ ಚಾರ್ಟ್ ಮೇಲೆ ಬರೆದಿಟ್ರು, ಹೋಗುವಾಗ ಚಾರ್ಟ್ ಇಲ್ಲೇ ಬಿಟ್ಟು ಹೋದ್ರು. ಸ್ಲೈಡ್‌ಗಳಲ್ಲಿ ಜನರೇಷನ್ ಗ್ಯಾಪ್ ಇದೆ, ಅಮೆರಿಕದ ವಿಷಯ ಇದೆ, ಜಾತಿ ಅನ್ನೋ ಮಾತೇ ಇಲ್ಲ. ತುಮಕೂರು ಜಿಲ್ಲೇಲಿ ಜಾತಿ ಬಿಟ್ಟು ಸಮಾನತೆ ಪಾಠ ಮಾಡ್ತೀನಿ ಅನ್ನೋರಿಗೆ ದೊಡ್ಡ ನಮಸ್ಕಾರ.

ಅವ್ರು ಕೊಟ್ಟ ರಿಪೋರ್ಟ್ ಕಥೆ ಅಂತೂ ಕೇಳ್ಲೇಬೇಡಿ. ಅಂಗವೈಕಲ್ಯ 7 ವಿಧ ಅಂತ ಬರ್ದಿತ್ತು, ಅದು 1995ರ ಹಳೇ ಕಾಯ್ದೆ ಲೆಕ್ಕ, 2016ರ ಕಾಯ್ದೆಯಲ್ಲಿ 21 ಇದೆ. ಎಲ್ಲಿಂದಲೋ ಕಾಪಿ ಹೊಡ್ದಿದಾರೆ. 50 ಜನ ಅಥವಾ ಅದಕ್ಕಿಂತ ಮೇಲೆ ಇರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಷ್ ಇರ್ಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿ ಆಗಿದೆ, ನಮ್ಮಲ್ಲಿ ಕ್ರೆಷ್ ಅಂತ ಬೋರ್ಡು ಹಾಕಿರೋ ರೂಮಲ್ಲಿ ಹಳೇ ಫೈಲು ತುಂಬಿದೆ, ಅದರ ಬಗ್ಗೆ ಒಂದಕ್ಷರ ಇಲ್ಲ. ಸಂಬಳದ ಶೀಟು ಕೇಳ್ಲೇ ಇಲ್ಲ, ಪ್ರಮೋಷನ್ ಯಾರ್ಯಾರಿಗೆ ಆಗಿದೆ ಕೇಳ್ಲಿಲ್ಲ, ಕಾಂಟ್ರಾಕ್ಟ್ ಲೇಬರ್‌ನ ಲೆಕ್ಕಕ್ಕೇ ತಗೊಂಡಿಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಫ್ಯಾಕ್ಟರೀಲಿ ಸಂಬಳದ ವಿಷಯಕ್ಕೆ ಅಷ್ಟು ದೊಡ್ಡ ಗಲಾಟೆ ಆಯ್ತಲ್ಲ, ಅಲ್ಲಿ ಇದ್ದೋರು ಹೆಚ್ಚಿನವ್ರು ಕಾಂಟ್ರಾಕ್ಟ್‌ನವ್ರೇ ತಾನೆ, ಅವ್ರನ್ನ ಬಿಟ್ಟು ಇನ್ನ್ಯಾರನ್ನ ಇನ್‌ಕ್ಲೂಡ್ ಮಾಡ್ತಾರೋ.

ಇನ್ನೊಂದು ವಿಷಯ ಹುಷಾರು. 2013ರ ಕಾಯ್ದೆ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಮೇಲೆ ಇದ್ರೆ ಲೈಂಗಿಕ ಕಿರುಕುಳದ ದೂರಿಗೆ ಇಂಟರ್ನಲ್ ಕಮಿಟಿ ಇರ್ಲೇಬೇಕು, ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆ, ಅರ್ಧಕ್ಕಾದ್ರೂ ಹೆಂಗಸ್ರು, ಹೊರಗಿನ ಒಬ್ರು ಸದಸ್ಯರು. ಇಲ್ಲ ಅಂದ್ರೆ 50,000ದವರೆಗೆ ದಂಡ. ಈ ಕನ್ಸಲ್ಟೆನ್ಸಿಯವ್ರು ಹೊರಗಿನ ಸದಸ್ಯರು ಅಂತ ತಮ್ಮ ಮಾರ್ಕೆಟಿಂಗ್ ಹುಡ್ಗೀನೇ ಹಾಕಿ, ಹಿಂದಿನ ವರ್ಷದ ಡೇಟ್ ಹಾಕಿದ ಆರ್ಡರ್ ತಂದ್ರು. ಆ ಸೀಟಿಗೆ ಮಹಿಳಾ ಸಂಘಟನೆಯವ್ರೋ ಈ ವಿಷಯ ಗೊತ್ತಿರೋ ವಕೀಲರೋ ಬರ್ಬೇಕು. ನಾನು ಸೈನ್ ಮಾಡ್ಲಿಲ್ಲ. ಜೊತೆಗೆ ಫ್ರೇಮ್ ಹಾಕಿದ ಇನ್‌ಕ್ಲೂಸಿವ್ ವರ್ಕ್‌ಪ್ಲೇಸ್ ಸರ್ಟಿಫಿಕೇಟ್ ಒಂದು ತಂದಿದ್ರು, ಅವ್ರೇ ಪ್ರಿಂಟ್ ಹಾಕಿಸಿ ಅವ್ರೇ ಸೈನ್ ಮಾಡಿರೋದು, ಕಾನೂನಲ್ಲಿ ಅದಕ್ಕೆ ಯಾವ ಬೆಲೆನೂ ಇಲ್ಲ.

ಈಗ ಉಳಿದ ಅರ್ಧ ಬಿಲ್ ಹಿಡ್ದಿದೀವಿ, ಆ ಕಡೆಯಿಂದ ನೋಟಿಸ್ ಕಳಿಸ್ತೀವಿ ಅಂತ ಮೇಲ್ ಬರ್ತಿದೆ. ಎಕ್ಸೆಲ್ ಶೀಟ್ ಕಳಿಸಿದ ಮೇಲ್ ಪ್ರಿಂಟ್ ತೆಗ್ದು ಎಂ.ಡಿ. ಟೇಬಲ್ ಮೇಲೆ ಇಟ್ಮೇಲೆ ಆ ಅಕ್ಕನ್ನ ವಾಪಸ್ ಇನ್‌ಸ್ಪೆಕ್ಷನ್‌ಗೆ ಹಾಕಿದಾರೆ, ಇನ್‌ಚಾರ್ಜ್ ಮಾತ್ರ ಅಲ್ಲೇ ಇದಾನೆ. ಗೌರಿಬಿದನೂರು, ಮಾಲೂರು ಕಡೆ ಯೂನಿಟ್‌ಗಳಿಗೂ ಇವ್ರು ಪ್ರಪೋಸಲ್ ಕಳಿಸ್ತಿದಾರಂತೆ, ಕ್ಲೈಂಟ್ ಲಿಸ್ಟಲ್ಲಿ ನಮ್ಮ ಹೆಸರೂ ಇದೆಯಂತೆ. ಯಾವ ಕನ್ಸಲ್ಟೆನ್ಸಿಯವ್ರು ಬಂದ್ರೂ ಆ ಲಿಸ್ಟಲ್ಲಿರೋ ಕಂಪನಿಗಳ ಎಚ್.ಆರ್.ಗೆ ನೀವೇ ಫೋನ್ ಮಾಡಿ ಕೇಳಿ, ಅವ್ರು ಕೊಡೋ ನಂಬರ್‌ಗಲ್ಲ, ಫ್ಯಾಕ್ಟರಿ ಲ್ಯಾಂಡ್‌ಲೈನ್‌ಗೆ.