ಬ್ರಿಡ್ಜ್ ಮಾಸ್ಟರ್: ಗೆಸ್ ಹೊಡೆದು ಗೆಲ್ಲೋಕೆ ಬಿಡದ ಸಾಫ್ಟ್‌ವೇರ್

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಡ್ಜ್ ಅನ್ನೋ ಇಸ್ಪೀಟ್ ಆಟದಲ್ಲಿ ಚಿನ್ನ ತಂದ್ರಲ್ಲ, ನಾನು ಈ ಆಟ ಹಿಡಿದಿದ್ದು ಆವಾಗ್ಲೇ. ಅದಕ್ಕೆ ಮುಂಚೆ ಮನೇಲಿ ಎಲ್ರೂ ಕೂತು ಇಸ್ಪೀಟಲ್ಲಿ ಇಪ್ಪತ್ತೆಂಟು ಆಡ್ತಿದ್ವಿ, ಹಾಗಾಗಿ ತುರುಫು, ಬಿದ್ದ ಎಲೆ ನೆನಪಿಟ್ಕೊಳ್ಳೋದು ಇದೆಲ್ಲ ಹೊಸದಲ್ಲ. ಬಿಡ್ಡಿಂಗ್, ಅಂದ್ರೆ ಎಷ್ಟು ಟ್ರಿಕ್ (ನಾಲ್ಕೂ ಕೈಯಿಂದ ಒಂದೊಂದು ಎಲೆ ಬೀಳೋ ಸುತ್ತು) ಹಿಡೀತೀವಿ ಅಂತ ಕೂಗೋದು, ಒಂದು ವರ್ಷದಲ್ಲಿ ಕೈಗೆ ಹತ್ತಿತು. ಆದ್ರೆ ಡಿಕ್ಲೇರರ್ (ಕೂಗು ಗೆದ್ದು ಆಡೋರು) ಆಗಿ ಕೂತಾಗ, ಡಮ್ಮಿ, ಅಂದ್ರೆ ನಮ್ಮ ಪಾರ್ಟ್ನರ್, ಎಲೆ ಹರಡಿದ ತಕ್ಷಣ ಯೋಚ್ನೆನೇ ಮಾಡದೆ ಒಂದು ಎಲೆ ಎಳೆದುಬಿಡೋ ಚಾಳಿ ಮಾತ್ರ ಹೋಗ್ತಾನೇ ಇರ್ಲಿಲ್ಲ. ಅದನ್ನ ಬಿಡಿಸಿದ್ದು ಬ್ರಿಡ್ಜ್ ಮಾಸ್ಟರ್, ಅದಕ್ಕೇ ಈ ರಿವ್ಯೂ.

ಇದನ್ನ ಮಾಡಿದ್ದು ಕೆನಡಾದ ಫ್ರೆಡ್ ಗಿಟೆಲ್‌ಮನ್. 2001ರಲ್ಲಿ ಶುರುವಾದ ಬ್ರಿಡ್ಜ್ ಬೇಸ್ ಆನ್‌ಲೈನ್ ಕಟ್ಟಿದ್ದೂ ಅವರೇ, 2010ರಲ್ಲಿ ಬ್ರಿಡ್ಜ್‌ನ ವಿಶ್ವಮಟ್ಟದ ಟೀಮ್ ಟೂರ್ನಿ ರೋಸನ್‌ಬ್ಲಮ್ ಕಪ್ ಗೆದ್ದ ಟೀಮಲ್ಲೂ ಇದ್ರು. ಅದೇ ಸೈಟಲ್ಲಿ ಅಕೌಂಟ್ ಮಾಡ್ಕೊಂಡ್ರೆ ಇದನ್ನೂ ಆಡಬಹುದು. ಐದು ಲೆವೆಲ್, ಬಿಗಿನರ್‌ನಿಂದ ಹಿಡಿದು ವರ್ಲ್ಡ್ ಕ್ಲಾಸ್‌ವರೆಗೂ. ಬಿಡ್ಡಿಂಗ್ ಮುಗಿದಿರತ್ತೆ, ಕಾಂಟ್ರಾಕ್ಟ್ (ಕೂಗಿ ಒಪ್ಕೊಂಡ ಗುರಿ) ಎದುರಿಗಿರತ್ತೆ, ಮೊದಲನೇ ಎಲೆ ಬಿದ್ದಿರತ್ತೆ, ಇನ್ನು ನಮ್ಮ ಕೈ ಡಮ್ಮಿ ಎರಡನ್ನೂ ನಾವೇ ಆಡ್ಬೇಕು.

ಇದ್ರ ಜೀವ ಇರೋದು ಒಂದೇ ವಿಷ್ಯದಲ್ಲಿ. ಎದುರಾಳಿಗಳ ಎಲೆ ಇಲ್ಲಿ ಮೊದಲೇ ಗಟ್ಟಿಯಾಗಿ ಹಂಚಿರಲ್ಲ, ನೀವು ತಪ್ಪು ದಾರಿ ಹಿಡಿದ್ರೆ ಆ ದಾರಿ ಸೋಲೋ ಹಾಗೆ ಎಲೆ ಕೂರತ್ತೆ. ಟೇಬಲ್ ಮೇಲೆ ತಪ್ಪು ಆಡಿದ್ರೂ ಫಿನೆಸ್ (ದೊಡ್ಡ ಎಲೆ ಇಂಥ ಎದುರಾಳಿ ಹತ್ರಾನೇ ಇದೆ ಅಂತ ನಂಬಿ ಅದಕ್ಕಿಂತ ಸಣ್ಣ ಎಲೆಯಲ್ಲಿ ಟ್ರಿಕ್ ಹಿಡಿಯೋಕೆ ನೋಡೋದು) ಹತ್ತಿಬಿಟ್ರೆ ಪಾರ್ಟ್ನರ್ ಭೇಷ್ ಅಂತಾರೆ, ನಾವೂ ಸರಿಯಾಗೇ ಆಡಿದ್ವಿ ಅಂದ್ಕೊಂಡು ಮುಂದಿನ ಬೋರ್ಡ್‌ಗೆ ಹೋಗ್ತೀವಿ, ತಪ್ಪು ತಪ್ಪಾಗೇ ಉಳ್ಕೊಳತ್ತೆ. ಇಲ್ಲಿ ಆ ಅದೃಷ್ಟ ಇಲ್ಲ.

ಉದಾಹರಣೆಗೆ ಒಂದು ಹ್ಯಾಂಡ್ ಕೊಡ್ತೀನಿ. ಇದು ಸಾಫ್ಟ್‌ವೇರ್‌ದಲ್ಲ, ಗೆಳೆಯರಿಗೆ ತೋರಿಸೋಕೆ ನಾನೇ ಜೋಡಿಸಿಟ್ಟಿದ್ದು, ಆದ್ರೆ ಅದೇ ಜಾತಿದು. ಕಾಂಟ್ರಾಕ್ಟ್ ಆರು ಸ್ಪೇಡ್, ಅಂದ್ರೆ ಸ್ಪೇಡ್ ತುರುಫು, ಹದಿಮೂರು ಟ್ರಿಕ್‌ನಲ್ಲಿ ಹನ್ನೆರಡು ಹಿಡೀಬೇಕು, ಇಂಥದ್ದಕ್ಕೆ ಸ್ಲ್ಯಾಮ್ ಅಂತಾರೆ. ನಮ್ಮ ಕೈಲಿ ಸ್ಪೇಡ್ ಎಕ್ಕ, ರಾಣಿ, ಗುಲಾಮ, 10, 6. ಹಾರ್ಟ್ ಎಕ್ಕ, 8. ಡೈಮಂಡ್ ರಾಜ, 7, 4. ಕ್ಲಬ್ ರಾಜ, 10, 4. ಡಮ್ಮಿಲಿ ಸ್ಪೇಡ್ ರಾಜ, 9, 7, 5, 3. ಹಾರ್ಟ್ ರಾಜ, 5. ಡೈಮಂಡ್ ಎಕ್ಕ, 6, 3. ಕ್ಲಬ್ ಎಕ್ಕ, ಗುಲಾಮ, 5. ನಮ್ಮ ಎಡಗಡೆ ಎದುರಾಳಿ ವೆಸ್ಟ್, ಬಲಗಡೆಯವರು ಈಸ್ಟ್. ವೆಸ್ಟ್ ಹಾರ್ಟ್ ರಾಣಿ ಹಾಕಿದ್ದಾರೆ.

ಎಣಿಸಿ ನೋಡಿ. ಸ್ಪೇಡ್ ಐದು, ಹಾರ್ಟ್ ಎರಡು, ಡೈಮಂಡ್ ಎರಡು, ಕ್ಲಬ್ ಎರಡು, ಒಟ್ಟು ಹನ್ನೊಂದು. ಡೈಮಂಡ್‌ನಲ್ಲಿ ಒಂದು ಹೋಗೋದು ಗ್ಯಾರಂಟಿ, ಹಾಗಾಗಿ ಕ್ಲಬ್‌ನಲ್ಲಿ ಮೂರೂ ನಮಗೇ ಬರ್ಬೇಕು. ಕ್ಲಬ್ ರಾಣಿ ಯಾವ ಕಡೆ? ಎರಡೂ ಕಡೆಯಿಂದ ಫಿನೆಸ್ ಮಾಡಬಹುದು, ಅಂದ್ರೆ ಫಿಫ್ಟಿ ಫಿಫ್ಟಿ. ಸಾಫ್ಟ್‌ವೇರ್‌ನಲ್ಲಿ ಇಂಥದ್ದು ಮೊದಲು ಸಿಕ್ಕಾಗ ನಾನು ವೆಸ್ಟ್ ಹತ್ರ ಇರಬಹುದು ಅಂತ ಆಡ್ದೆ, ಈಸ್ಟ್ ಹತ್ರ ಸಿಕ್ತು. ವಾಪಸ್ ಬಂದು ಈಸ್ಟ್ ಮೇಲೆ ಆಡ್ದೆ, ಈ ಸಲ ವೆಸ್ಟ್ ಹತ್ರ ಕೂತಿದೆ! ಆಗ್ಲೇ ತಲೆಗೆ ಹೋಗಿದ್ದು, ರಾಣಿನ ನಾವು ಹುಡುಕ್ಲೇಬಾರ್ದು, ಎದುರಾಳಿ ಕೈಯಿಂದಾನೇ ಕ್ಲಬ್ ಆಡಿಸ್ಬೇಕು ಅಂತ.

ಹಾರ್ಟ್ ಎಕ್ಕದಲ್ಲಿ ಹಿಡೀರಿ, ತುರುಫು ಪೂರ್ತಿ ತೆಗೀರಿ, ಹೊರಗಿರೋದು ಬರೀ ಮೂರು. ಹಾರ್ಟ್ ರಾಜ ಆಡಿ, ನಮ್ಮ ಕೈ ಡಮ್ಮಿ ಎರಡರಲ್ಲೂ ಹಾರ್ಟ್ ಖಾಲಿ ಆಯ್ತು. ಡೈಮಂಡ್ ರಾಜ, ಎಕ್ಕ ಆಡಿ ಮೂರನೇ ಡೈಮಂಡ್ ಕೊಟ್ಬಿಡಿ. ಈಗ ಯಾರು ಹಿಡಿದ್ರೂ ಸಿಕ್ಕಿಬಿದ್ರು. ಕ್ಲಬ್ ಆಡಿದ್ರೆ ನಾವು ಅದರ ಹಿಂದೆನೇ ಎರಡನೇ ಎಲೆಯಾಗಿ ಸಣ್ಣದು ಹಾಕಿದ್ರೆ ಸಾಕು, ರಾಣಿ ಎಲ್ಲಿದ್ರೂ ಮೂರು ಟ್ರಿಕ್ ನಮ್ದೇ. ಹಾರ್ಟೋ ಡೈಮಂಡೋ ಆಡಿದ್ರೆ ಡಮ್ಮಿಲಿ ತುರುಫು ಹೊಡೆದು ನಮ್ಮ ಕೈಯಿಂದ ಕ್ಲಬ್ 4 ಬಿಸಾಕ್ತೀವಿ, ರಾಜ ಎಕ್ಕ ಆಡಿ ಉಳಿದ ಕ್ಲಬ್‌ನ ನಮ್ಮ ಕೈಲಿ ಹೊಡೀತೀವಿ. ಫಿಫ್ಟಿ ಇದ್ದದ್ದು ನೂರಕ್ಕೆ ನೂರಾಯ್ತು, ಅದೂ ಒಂದೂ ಫಿನೆಸ್ ಇಲ್ದೆ! ನನಗೆ ಆ ರಾತ್ರಿ ನಿದ್ದೆನೇ ಬರ್ಲಿಲ್ಲ, ಇಷ್ಟು ದಿನ ಎಷ್ಟು ಸ್ಲ್ಯಾಮ್ ಹೀಗೆ ಸುಮ್ನೆ ಕೈಬಿಟ್ಟಿರ್ಬೇಕು ಅಂತ.

ಆಟ ಮುಗಿದ್ಮೇಲೆ ಬ್ರಿಡ್ಜ್ ಮೂವಿ ಅಂತ ಒಂದಿದೆ, ಎಲೆ ಎಲೆಯಾಗಿ ವಿವರಿಸತ್ತೆ, ಇಂಗ್ಲಿಷ್‌ನಲ್ಲಿ, ಆದ್ರೆ ಸರಳವಾಗಿದೆ. ಸೋತ ತಕ್ಷಣ ಅದನ್ನ ಒತ್ತಬೇಡಿ ದಯವಿಟ್ಟು, ಇನ್ನೆರಡು ಸಲ ನೀವೇ ಆಡಿ, ನನಗೆ ಉಳ್ಕೊಂಡಿದ್ದೆಲ್ಲ ಹಾಗೆ ಒದ್ದಾಡಿ ಕಂಡ್ಕೊಂಡಿದ್ದೇ.

ಒಂದು ಮಾತು ಹೇಳ್ಲೇಬೇಕು. ಇಲ್ಲಿ ದಾರಿ ಇದೆ ಅಂತ ಗೊತ್ತಿದ್ದೇ ಕೂರ್ತೀವಿ, ನಿಜವಾದ ಟೇಬಲ್‌ನಲ್ಲಿ ಯಾರೂ ಹಾಗೆ ಹೇಳಲ್ಲ. ಅಲ್ಲಿ ಎಷ್ಟೋ ಹ್ಯಾಂಡ್‌ಗೆ ಗ್ಯಾರಂಟಿ ದಾರಿ ಇರಲ್ಲ, ಜಾಸ್ತಿ ಚಾನ್ಸ್ ಇರೋದನ್ನ ಆರಿಸ್ಬೇಕು, ಒಂದು ಜಾತಿಯ ಆರು ಎಲೆ ಎದುರಾಳಿಗಳ ಹತ್ರ ಇದ್ರೆ ಅವು ಇಬ್ಬರಿಗೂ 3-3 ಹಂಚಿರೋದು ಸುಮಾರು 36%, 4-2 ಸುಮಾರು 48%, ಐದು ಎಲೆ ಇದ್ರೆ 3-2 ಸುಮಾರು 68%. ಇವನ್ನ ಬಾಯಿಪಾಠ ಮಾಡ್ಕೊಳ್ಳಿ. ಬಿಡ್ಡಿಂಗ್, ಡಿಫೆನ್ಸ್ ಕಲಿಯೋರಿಗೆ ಇದಲ್ಲ, ಅದಕ್ಕೆ ಬೇರೆ ನೋಡ್ಕೊಳ್ಳಿ.

ನಾನೀಗ ಮೂರನೇ ಲೆವೆಲ್‌ನಲ್ಲಿದೀನಿ, ದಿನಕ್ಕೆ ಎರಡೇ ಹ್ಯಾಂಡ್, ಡಮ್ಮಿಯಿಂದ ಮೊದಲನೇ ಎಲೆ ಮುಟ್ಟೋ ಮುಂಚೆ ಟ್ರಿಕ್ ಎಷ್ಟು, ಎಲ್ಲಿ ಕಮ್ಮಿ ಅಂತ ಪೇಪರ್ ಮೇಲೆ ಬರ್ಕೋತೀನಿ. ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಅಕೌಂಟ್ ಮಾಡ್ಕೊಳ್ಳೋ ಮುಂಚೆ ಮೇಲಿನ ಸ್ಲ್ಯಾಮ್‌ನ ಮನೇಲಿರೋ ಇಸ್ಪೀಟ್ ಎಲೇಲಿ ಹರಡಿ ನೋಡಿ, ಮೂರನೇ ಡೈಮಂಡ್ ಒಂದ್ಸಲ ವೆಸ್ಟ್‌ಗೆ ಹಿಡಿಸಿ, ಇನ್ನೊಂದ್ಸಲ ಈಸ್ಟ್‌ಗೆ.