ಉಡುಗೊರೆಗೆ ಇಡೀ ಕಾಫಿ ಬೀಜ: ಶಿರಸಿ, ಕಾರವಾರದವರಿಗೆ ನಾಲ್ಕು ಆಯ್ಕೆಗಳ ಹೋಲಿಕೆ

ಇಡೀ ಕಾಫಿ ಬೀಜ ಉಡುಗೊರೆ ಕೊಡುವವರು ಮೊದಲು ತಿಳಿದುಕೊಳ್ಳಬೇಕಾದ್ದು, ಆ ಮನೆಯಲ್ಲಿ ಬೀಜ ಪುಡಿಯಾಗುವುದು ಯಾವುದರಲ್ಲಿ ಎಂಬುದನ್ನು. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಬಹುಪಾಲು ಮನೆಗಳಲ್ಲಿ ಅದು ಮಿಕ್ಸಿಯ ಚಟ್ನಿ ಜಾರು. ಕುಡಿಯುವುದು ಹಾಲು ಹಾಕಿದ ಫಿಲ್ಟರ್ ಕಾಫಿ. ನಾಲಿಗೆ ಒಗ್ಗಿರುವುದು ಚಿಕೋರಿ ಬೆರೆಸಿದ ಪುಡಿಗೆ. ಈ ಮೂರನ್ನೂ ಮರೆತು ಎಷ್ಟೇ ದುಬಾರಿ ಬೀಜ ಕೊಟ್ಟರೂ ಅದು ಪೊಟ್ಟಣ ಒಡೆಯದೆ ಕಪಾಟಿನಲ್ಲಿ ಕೂರುತ್ತದೆ, ಇಲ್ಲವೇ ಒಮ್ಮೆ ಮಾಡಿ ‘ಹುಳಿ’ ಎಂದು ಬದಿಗಿಡುತ್ತಾರೆ.

ಆದ್ದರಿಂದ ಪ್ರತಿ ಬೀಜವನ್ನೂ ಮೂರು ರೀತಿಯಲ್ಲಿ ಕುಡಿದು ನೋಡಿದ್ದೇವೆ. ಮೊದಲು ಕಪ್ಪು ಕಾಫಿ: 11 ಗ್ರಾಂ ತರಿ ಪುಡಿಗೆ 200 ಮಿಲಿ ನೀರು, ಕುದಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿದು, ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಪುಡಿಯ ಪದರ ಒಡೆದು ತೆಗೆದದ್ದು. ಎರಡನೆಯದು ಸ್ಟೀಲ್ ಫಿಲ್ಟರಿನ ಡಿಕಾಕ್ಷನ್: 20 ಗ್ರಾಂ ಪುಡಿಗೆ 100 ಮಿಲಿ ನೀರು, ಅದಕ್ಕೆ ಗಟ್ಟಿ ಹಾಲು. ಮೂರನೆಯದು, ಅದೇ ಬೀಜ ಮಳೆಗಾಲದ ಕರಾವಳಿ ಹವೆಯಲ್ಲಿ ಸ್ಟೀಲ್ ಡಬ್ಬಿಯೊಳಗೆ ಮೂರು ವಾರ ಕಳೆದ ಮೇಲೆ ಮಾಡಿದ ಡಿಕಾಕ್ಷನ್. ಈ ಮೂರನೆಯ ಪರೀಕ್ಷೆಯೇ ಹೆಚ್ಚು ಹೇಳಿಕೊಟ್ಟಿತು.

ಪೇಟೆಯ ಕಾಫಿಪುಡಿ ಅಂಗಡಿ

ಪುಡಿ ಮಾರುವ ಅಂಗಡಿಯವರು ಕೇಳಿದರೆ ಬೀಜವನ್ನೂ ತೂಗಿ ಕೊಡುತ್ತಾರೆ. ಸಾಮಾನ್ಯವಾಗಿ ಸಿಗುವುದು ಪ್ಲಾಂಟೇಶನ್ ಎ, ಪ್ಲಾಂಟೇಶನ್ ಬಿ ಮತ್ತು ಪಿಬಿ. ಪ್ಲಾಂಟೇಶನ್ ಎಂದರೆ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿದ ಅರೇಬಿಕಾ. ಎ, ಬಿ ಎಂಬುದು ಜರಡಿಯ ಅಳತೆ: ಎ 6.65 ಮಿಮೀ ತೂತಿನ ಜರಡಿಯ ಮೇಲೆ ನಿಲ್ಲುವಂಥದ್ದು, ಬಿ 6 ಮಿಮೀ ಜರಡಿಯದು. ದಪ್ಪ ಬೀಜವೆಲ್ಲ ರುಚಿಯ ಬೀಜವಲ್ಲ, ಆದರೆ ಒಂದೇ ಅಳತೆಯ ಬೀಜ ಒಂದೇ ಸಮ ಹುರಿಯುತ್ತದೆ. ಪಿಬಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದದ್ದು. ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳುವುದರಿಂದ ಎಲ್ಲ ಬದಿಯೂ ಹದವಾಗಿ ಹುರಿಯುತ್ತದೆ, ನೋಡಲೂ ಚೆಂದ. ಅಂಗಡಿಯ ಬೀಜಗಳಲ್ಲಿ ಉಡುಗೊರೆಗೆ ನಮ್ಮ ಆಯ್ಕೆ ಇದೇ.

ಇಲ್ಲಿನ ತೊಂದರೆ ಎರಡು. ಹುರಿದ ದಿನಾಂಕ ಎಲ್ಲೂ ಬರೆದಿರುವುದಿಲ್ಲ, ಮತ್ತು ಹುರಿ ತುಂಬಾ ಕಪ್ಪಾಗಿರುತ್ತದೆ. ಬೀಜದ ಮೇಲೆ ಎಣ್ಣೆ ಮಿನುಗುತ್ತಿದ್ದರೆ ಅದು ಎರಡನೇ ಸಿಡಿತ (ಹುರಿಯುವಾಗ ಬೀಜ ಎರಡನೇ ಸಲ ಚಟಪಟ ಸದ್ದು ಮಾಡುವ ಹಂತ) ದಾಟಿದ ಹುರಿ. ಆ ಎಣ್ಣೆ ಗಾಳಿಗೆ ತೆರೆದುಕೊಂಡು, ಕರಾವಳಿಯ ಸೆಕೆಗೆ ಎರಡೇ ವಾರದಲ್ಲಿ ಕಮಟಾಗುತ್ತದೆ. ಗಾಜಿನ ಬಾಟಲಿಯಲ್ಲಿ ಬಿಸಿಲಿಗೆ ಇಟ್ಟ ಬೀಜವಂತೂ ಬೇಡವೇ ಬೇಡ. ಯಾವ ವಾರ ಯಾವ ದಿನ ಹುರಿಯುತ್ತೀರಿ ಎಂದು ಕೇಳಿ, ಆ ದಿನವೇ ಹೋಗಿ, ಎರಡನೇ ಸಿಡಿತಕ್ಕೆ ಮೊದಲೇ ಇಳಿಸಿಕೊಡಿ ಎಂದು ಹೇಳಿ. ಅರ್ಧ ಕಿಲೋ ಕೊಳ್ಳುವವರಿಗೆ ಹೆಚ್ಚಿನ ಅಂಗಡಿಯವರು ಇಲ್ಲ ಅನ್ನುವುದಿಲ್ಲ. ಹೀಗೆ ಕೇಳಿ ತಂದ ಪಿಬಿ ಹಾಲಿನ ಕಾಫಿಯಲ್ಲಿ ಇದರ ಎರಡು ಪಟ್ಟು ಬೆಲೆಯ ಕೆಲವು ಪೊಟ್ಟಣಗಳನ್ನು ಹಿಂದೆ ಹಾಕಿತು.

ಎಸ್ಟೇಟ್ ಹೆಸರಿನ ಪೊಟ್ಟಣ

ಬ್ಲೂ ಟೋಕಾಯ್, ಥರ್ಡ್ ವೇವ್, ಬ್ಲ್ಯಾಕ್ ಬಾಜಾ ಮುಂತಾದ ರೋಸ್ಟರಿಗಳಿಂದ, ಅಂದರೆ ಬೀಜ ಹುರಿದು ಮಾರುವ ಕಂಪನಿಗಳಿಂದ, ಆನ್‌ಲೈನಿನಲ್ಲಿ ತರಿಸುವ ದಾರಿ ಇದು. ಪೊಟ್ಟಣದ ಮೇಲೆ ತೋಟ, ತಳಿ, ಸಂಸ್ಕರಣೆ, ಹುರಿದ ಹದ ಎಲ್ಲ ಇರುತ್ತದೆ. ಉಡುಗೊರೆಯಾಗಿ ಕೈಗೆ ಕೊಡಲು ಇದಕ್ಕಿಂತ ಚೆಂದದ್ದಿಲ್ಲ. ಆದರೆ ಆ ವಿವರಗಳನ್ನು ಓದಿ ಆರಿಸುವುದರಲ್ಲೇ ಎಲ್ಲ ಇದೆ.

ತಳಿಯಲ್ಲಿ ಎರಡನ್ನು ಗುರುತಿಟ್ಟುಕೊಂಡರೆ ಸಾಕು. ಎಸ್.795 ಎಂಬುದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಅರೇಬಿಕಾ, ಎಸ್.288 ಮತ್ತು ಕೆಂಟ್ ತಳಿಗಳ ಮಿಶ್ರತಳಿ. ಹುಳಿ ಕಡಿಮೆ, ಮೈ ತುಂಬಿದ ರುಚಿ, ಹಾಲಿಗೆ ಸೋಲುವುದಿಲ್ಲ. ಸೆಲೆಕ್ಷನ್ 9ರಲ್ಲಿ ಇಥಿಯೋಪಿಯಾ ಮೂಲದ ತಫಾರಿಕೆಲಾ ತಳಿ ಬೆರೆತಿದೆ. ಕಂಪು ಹೆಚ್ಚು, ಹಣ್ಣಿನ ಹುಳಿ ಎದ್ದು ಕಾಣುತ್ತದೆ. ಕಪ್ಪು ಕಾಫಿಯಲ್ಲಿ ಸೆಲೆಕ್ಷನ್ 9 ಮುಂದೆ, ಹಾಲು ಬಿದ್ದ ಕೂಡಲೇ ಎಸ್.795 ಮುಂದೆ. ಪ್ರತಿ ಬಾರಿಯೂ ಇದೇ ಫಲ.

ತಿಳಿ ಹುರಿಯ ಬೀಜವನ್ನು ಮಿಕ್ಸಿ ಮನೆಗೆ ಕೊಡಬೇಡಿ. ಕಡಿಮೆ ಹುರಿದ ಬೀಜ ಕಲ್ಲಿನಂತೆ ಗಟ್ಟಿ. ಜಾರಿನಲ್ಲಿ ಅರ್ಧ ಹಿಟ್ಟು, ಅರ್ಧ ನುಚ್ಚು ಆಗುತ್ತದೆ. ಹಿಟ್ಟು ಫಿಲ್ಟರಿನ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದೇ ನಿಲ್ಲುತ್ತದೆ, ನುಚ್ಚಿನಿಂದ ರಸ ಬಾರದೆ ಬರೀ ಹುಳಿ ಬರುತ್ತದೆ. ಇದರಲ್ಲಿ ನೀರಿನ ಪಾತ್ರವೂ ಇದೆ. ಕಡಲಂಚಿನ ಬಾವಿಗಳಲ್ಲಿ ಉಪ್ಪಿನಂಶ ಬೆರೆತ ನೀರಿಗೆ ತಿಳಿ ಹುರಿಯ ಸೂಕ್ಷ್ಮ ಕಂಪು ಮಂಕಾಗುತ್ತದೆ. ಶಿರಸಿ ಕಡೆಯ ಬಾವಿ ನೀರಲ್ಲಿ ಅರಳಿದ ಅದೇ ಬೀಜ ಕಾರವಾರದಲ್ಲಿ ಚಪ್ಪೆ ಅನ್ನಿಸಬಹುದು. ಹಾಗಾಗಿ ಮಧ್ಯಮ-ಕಪ್ಪು ಹುರಿಯದನ್ನೇ ನೋಡಿ. ಬಿಳಿಗಿರಿರಂಗನ ಬೆಟ್ಟದ ಅಟ್ಟಿಕಾನ್ ಎಸ್ಟೇಟಿನ ಬೀಜವನ್ನು ಬ್ಲೂ ಟೋಕಾಯ್ ಈ ಹದದಲ್ಲಿ ಕೊಡುತ್ತದೆ. ಫಿಲ್ಟರಿಗೂ ಹಾಲಿಗೂ ಒಗ್ಗುವ ಬೀಜ ಅದು. ‘ನ್ಯಾಚುರಲ್’ (ಹಣ್ಣಾಗಿಯೇ ಒಣಗಿಸಿದ್ದು), ‘ಅನೇರೋಬಿಕ್’ (ಗಾಳಿಯಾಡದಂತೆ ಹುದುಗಿಸಿದ್ದು) ಎಂದು ಬರೆದದ್ದು ಕೈ ಗ್ರೈಂಡರ್ ಇದ್ದು ಕಪ್ಪು ಕಾಫಿ ಕುಡಿಯುವ ತರುಣರಿಗೆ ಸರಿ. ಅವರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ ಎಂದೂ ಹೇಳಬಹುದು.

ಹೊಸದಾಗಿ ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಪೊಟ್ಟಣದ ಮೇಲಿನ ಪುಟ್ಟ ಗುಂಡಿಯಂಥ ವಾಲ್ವ್ ಇರುವುದು ಆ ಗಾಳಿ ಹೊರಹೋಗಿ ಹೊರಗಿನದು ಒಳಬರದಿರಲಿ ಎಂದು. ಹುರಿದು ಐದಾರು ದಿನಕ್ಕೆ ಬೀಜ ಹದಕ್ಕೆ ಬಂದು, ಒಂದು ತಿಂಗಳವರೆಗೆ ಚೆನ್ನಾಗಿರುತ್ತದೆ. ಆದ್ದರಿಂದ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಆರ್ಡರ್ ಮಾಡುವುದು ಸರಿಯಾದ ಲೆಕ್ಕ. ‘ಬೆಸ್ಟ್ ಬಿಫೋರ್’ ದಿನಾಂಕ ನೋಡಿ ಮೋಸಹೋಗಬೇಡಿ. ಅದು ಕೆಡದಿರುವ ಅವಧಿ, ರುಚಿಯ ಅವಧಿ ಅಲ್ಲ. ‘ಪ್ಯಾಕ್ ಮಾಡಿದ ದಿನ’ವೂ ‘ಹುರಿದ ದಿನ’ವೂ ಒಂದೇ ಆಗಿರಬೇಕಿಲ್ಲ. ಹುರಿದ ದಿನ ಬರೆಯದ ಸೂಪರ್‌ಮಾರ್ಕೆಟ್ ಪೊಟ್ಟಣಗಳನ್ನು ಈ ಕಾರಣಕ್ಕೇ ಹೋಲಿಕೆಯಿಂದ ಬಿಟ್ಟಿದ್ದೇವೆ.

ಮಾನ್ಸೂನ್ಡ್ ಮಲಬಾರ್

ಹಡಗುಗಳಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಸಾಗುತ್ತಿದ್ದ ಕಾಲದಲ್ಲಿ ನಮ್ಮ ಬೀಜ ಕಡಲ ತೇವ ಹೀರಿ ಊದಿ, ಬಣ್ಣ ಬಿಟ್ಟು, ಬೇರೆಯೇ ರುಚಿ ಪಡೆಯುತ್ತಿತ್ತು. ಅದನ್ನೇ ಇಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು ಕಡೆಯ ತೆರೆದ ಗೋದಾಮುಗಳಲ್ಲಿ ಮಾಡುತ್ತಾರೆ. ಬೀಜವನ್ನು ಹರಡಿ, ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ ಮಳೆಗಾಳಿಗೆ ಒಡ್ಡುತ್ತಾರೆ. ಹುಳಿ ಬಹುತೇಕ ಹೋಗುತ್ತದೆ, ಮಂದ ಹೆಚ್ಚುತ್ತದೆ. ಮಣ್ಣಿನ, ಮಸಾಲೆಯ ವಾಸನೆ ಬರುತ್ತದೆ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಹುಳಿ ಸೇರದ ಹಿರಿಯರಿಗೆ ಇದು ಹೇಳಿಮಾಡಿಸಿದ ಉಡುಗೊರೆ. ಮಿಕ್ಸಿಯಲ್ಲಿ ಸುಲಭವಾಗಿ ಪುಡಿಯಾಗುತ್ತದೆ, ಹಾಲಿಗೆ ಒಗ್ಗುತ್ತದೆ. ಕಾಲವೂ ಹೊಂದಿಬರುತ್ತದೆ. ತೊಳೆದ ಅರೇಬಿಕಾ ಕೊಯ್ಲಾಗುವುದು ನವೆಂಬರ್‌ನಿಂದ ಜನವರಿ ಸುಮಾರಿಗೆ, ಹಾಗಾಗಿ ದೀಪಾವಳಿಗೆ ಸಿಗುವುದು ಹಳೆಯ ಹಂಗಾಮಿನ ಬೀಜ. ಮಾನ್ಸೂನ್ಡ್ ಬೀಜದ ಹೊಸ ಸರಕು ಹೊರಬರುವುದು ಮಳೆ ಮುಗಿದ ಮೇಲೆ, ಅಂದರೆ ದೀಪಾವಳಿಯ ಹೊತ್ತಿಗೇ. ಬೀಜದ ಬಣ್ಣ ಏರುಪೇರಾಗಿ, ಕೆಲವು ಮಾಸಲಾಗಿ ಕಂಡರೆ ಅದು ದೋಷವಲ್ಲ. ಮುಗ್ಗಲು ವಾಸನೆ ಬಂದರೆ ಮಾತ್ರ ದೋಷ. ಒಣ ಮಣ್ಣಿನ ವಾಸನೆಗೂ ಒದ್ದೆ ಗೋಣಿಯ ವಾಸನೆಗೂ ಇರುವ ವ್ಯತ್ಯಾಸ ನಮ್ಮ ಮಳೆಗಾಲ ಕಂಡ ಮೂಗಿಗೆ ಕೂಡಲೇ ಗೊತ್ತಾಗುತ್ತದೆ.

ನಮ್ಮ ತೋಟದ ರೋಬಸ್ಟಾ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕಾಳುಮೆಣಸು, ಏಲಕ್ಕಿ, ಬಾಳೆಯ ಜೊತೆ ಕಾಫಿ ಗಿಡವೂ ಇದೆ, ಹೆಚ್ಚಾಗಿ ರೋಬಸ್ಟಾ. ಮುಂಬಯಿಗೋ ಬೆಂಗಳೂರಿಗೋ ಹೋಗಿ ನೆಲೆಸಿದವರಿಗೆ ಊರಿನ ತೋಟದ ಕಾಫಿ ಕೊಡುವ ಸಂತೋಷಕ್ಕೆ ಯಾವ ಎಸ್ಟೇಟ್ ಹೆಸರೂ ಸಾಟಿಯಲ್ಲ. ಈ ಆಯ್ಕೆಯ ಪರವಾಗಿ ನಮಗೆ ಒಲವಿದೆ. ಒಲವಿರುವುದರಿಂದಲೇ ಬೀಜ ಪರೀಕ್ಷಿಸುವಾಗ ಬಿಗಿಯಾಗಿರಬೇಕು.

ಮೊದಲ ಪ್ರಶ್ನೆ: ಹಣ್ಣನ್ನು ಹಾಗೇ ಒಣಗಿಸಿದ್ದೋ, ಸಿಪ್ಪೆ ಬಿಡಿಸಿ ತೊಳೆದದ್ದೋ? ಹಣ್ಣಾಗಿಯೇ ಒಣಗಿದ್ದನ್ನು ಚೆರಿ ಎನ್ನುತ್ತಾರೆ, ತೊಳೆದದ್ದನ್ನು ಪಾರ್ಚ್‌ಮೆಂಟ್. ಮನೆಯಂಗಳದ ಚೆರಿಯಲ್ಲಿ ಹಸಿರು ಕಾಯಿ, ಹಣ್ಣು, ಗಿಡದಲ್ಲೇ ಒಣಗಿದ್ದು ಎಲ್ಲ ಕೂಡಿರುತ್ತವೆ. ಡಿಕಾಕ್ಷನ್ ಒಗರಾಗಿ, ಕಟ್ಟಿಗೆಯ ರುಚಿ ಬರುವುದು ಅದರಿಂದ. ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಪಲ್ಪ್ ಮಾಡಿ ತೊಳೆದ ರೋಬಸ್ಟಾ ಕುಡಿದರೆ ಇದೂ ಅದೇ ಗಿಡದ್ದೇ ಎಂದು ನಂಬುವುದು ಕಷ್ಟ. ಮಂದ, ಸಿಹಿ ಕಹಿ, ಕೋಕೋದ ನೆನಪು.

ಎರಡನೆಯದು ಒಣಗು. ಬೀಜದ ತೇವ 10–11 ಪ್ರತಿಶತಕ್ಕೆ ಇಳಿದಿರಬೇಕು. ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳಬಾರದು. ಮೂರನೆಯದು ಇಟ್ಟ ಜಾಗ. ಕಾಫಿ ಬೀಜ ಸುತ್ತಲ ವಾಸನೆಯನ್ನೆಲ್ಲ ಹೀರುತ್ತದೆ. ಅಡಿಕೆ ಒಣಗಿಸುವ ಹೊಗೆ ಬಡಿದ ಅಟ್ಟದಲ್ಲಿ, ಮೆಣಸಿನ ಚೀಲದ ಪಕ್ಕ ವರ್ಷ ಕಳೆದ ಬೀಜ ಹುರಿದ ಮೇಲೂ ಆ ವಾಸನೆ ಬಿಡಲಿಲ್ಲ. ಕೊಳ್ಳುವ ಮುನ್ನ ನೂರು ಗ್ರಾಂ ತಟ್ಟೆಯಲ್ಲಿ ಹರಡಿ, ಕಪ್ಪು ಬೀಜ, ಒಡಕು, ಕಾಯಿಕೊರಕ ಕೊರೆದ ತೂತಿನ ಬೀಜ ಆರಿಸಿ ತೆಗೆಯಿರಿ. ಒಂದೇ ಒಂದು ಹುಳಿತ ಕಪ್ಪು ಬೀಜ ಇಡೀ ಫಿಲ್ಟರಿನ ಕಾಫಿ ಕೆಡಿಸಬಲ್ಲದು. ಒಂದು ಹಿಡಿಯಷ್ಟು ಹೊರಬಿದ್ದರೆ ಆ ಸರಕು ಉಡುಗೊರೆಗೆ ಬೇಡ.

ಹುರಿಯಲು ಬಾಣಲೆ ಸಾಲದು, ಒಂದು ಬದಿ ಕರಕಲು, ಒಳಗೆ ಹಸಿ. ಡ್ರಮ್ ಇರುವವರ ಬಳಿ ಕೊಟ್ಟು ನಿಧಾನ ಉರಿಯಲ್ಲಿ ಹುರಿಸಿ, ಎರಡನೇ ಸಿಡಿತದ ಮೊದಲ ಸದ್ದಿಗೇ ಇಳಿಸಿ, ಗೆರಸೆಯಲ್ಲಿ ಹರಡಿ ಮೂರು ನಾಲ್ಕು ನಿಮಿಷದೊಳಗೆ ತಣ್ಣಗಾಗಿಸಬೇಕು. ತಡವಾದರೆ ಬೀಜ ತನ್ನ ಬಿಸಿಯಲ್ಲೇ ಇನ್ನೂ ಹುರಿಯುತ್ತದೆ. ಹುರಿದಾಗ ತೂಕ ಆರನೇ ಒಂದು ಭಾಗದಷ್ಟು ಇಳಿಯುತ್ತದೆ: ಒಂದು ಕಿಲೋ ಹಸಿ ಬೀಜಕ್ಕೆ 830 ಗ್ರಾಂ ಸುಮಾರು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ಸಂಜೆ ಕುಡಿದರೆ ನಿದ್ದೆ ಬರದವರಿಗೆ ಮೊದಲೇ ಹೇಳಿ. ಹೊರದೇಶಕ್ಕೆ ಒಯ್ಯುವವರಿಗೆ ಹುರಿದದ್ದನ್ನೇ ಕೊಡಿ. ಹಸಿ ಬೀಜಕ್ಕೆ ಹಲವು ದೇಶಗಳಲ್ಲಿ ಕಟ್ಟುನಿಟ್ಟಿನ ಸಸ್ಯ ತಪಾಸಣೆ ಇದೆ.

ಯಾರಿಗೆ ಯಾವುದು

ಚಿಕೋರಿಗೆ ಒಗ್ಗಿದ ಮನೆಗೆ ಬರೀ ಅರೇಬಿಕಾ ಕೊಟ್ಟರೆ ‘ನೀರುನೀರು’ ಎನ್ನುತ್ತಾರೆ, ಅವರು ಹೇಳುವುದು ಸರಿಯೇ. ಡಿಕಾಕ್ಷನ್‌ಗೆ ಮಂದವೂ ಬಣ್ಣವೂ ಬರುತ್ತಿದ್ದುದು ಚಿಕೋರಿಯಿಂದ. ಆ ಮಂದವನ್ನು ಬೀಜದಲ್ಲೇ ತರಲು ನಾವು ಕಂಡ ಒಳ್ಳೆಯ ದಾರಿ ಅಂಗಡಿಯ ಪಿಬಿ 70 ಭಾಗ, ತೊಳೆದ ರೋಬಸ್ಟಾ 30 ಭಾಗ. ಎರಡನ್ನೂ ಬೇರೆ ಬೇರೆ ಹುರಿಸಿ ಆಮೇಲೆ ಬೆರೆಸಿ, ಏಕೆಂದರೆ ಎರಡರ ಹದ ಒಂದೇ ಹೊತ್ತಿಗೆ ಬರುವುದಿಲ್ಲ. ಎಲ್ಲ ಹೋಲಿಕೆಯ ನಂತರ, ಉತ್ತರ ಕನ್ನಡದ ಸಾಮಾನ್ಯ ಮನೆಗೆ ನಾವು ಕೊಡುವುದು ಇದನ್ನೇ. ಇದರ ಜೊತೆ 50 ಗ್ರಾಂ ಚಿಕೋರಿ ಪುಡಿ ಪ್ರತ್ಯೇಕ ಪೊಟ್ಟಣದಲ್ಲಿಟ್ಟರೆ ಬೇಕಾದವರು ಬೆರೆಸಿಕೊಳ್ಳುತ್ತಾರೆ.

ಮೂರು ವಾರದ ಡಬ್ಬಿ ಪರೀಕ್ಷೆಯಲ್ಲಿ ಎಣ್ಣೆ ಬಿಟ್ಟ ಕಪ್ಪು ಹುರಿ ಎಲ್ಲಕ್ಕಿಂತ ಮೊದಲು ಸೋತಿತು. ಮಧ್ಯಮ ಹುರಿಯ ಪಿಬಿ, ಎಸ್.795 ಚೆನ್ನಾಗಿ ತಾಳಿದವು. ಆದರೆ ಸಡಿಲ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಯಾವ ಬೀಜವೂ ಗರಿಗರಿಯಾಗಿ ಉಳಿಯಲಿಲ್ಲ. ಹುರಿದ ಬೀಜ ಆಷಾಢದ ಹವೆಯಲ್ಲಿ ತೇವ ಹೀರಿ ಮೆತ್ತಗಾಗುತ್ತದೆ, ಮಿಕ್ಸಿಯಲ್ಲಿ ಒಡೆಯದೆ ಚಪ್ಪಟೆಯಾಗುತ್ತದೆ. ಮಳೆಗಾಲದಲ್ಲಿ ಅರ್ಧ ಕಿಲೋದ ಒಂದರ ಬದಲು 250 ಗ್ರಾಂನ ಎರಡು ವಾಲ್ವ್ ಪೊಟ್ಟಣ ಕೊಡಿ, ಒಂದು ಮುಗಿದ ಮೇಲೆ ಇನ್ನೊಂದು ಒಡೆಯಲಿ. ಫ್ರಿಜ್ ಬೇಡ. ಪ್ರತಿ ಸಲ ಹೊರತೆಗೆದಾಗ ತಣ್ಣಗಿನ ಬೀಜದ ಮೇಲೆ ನೀರು ಕೂರುತ್ತದೆ. ಜುಲೈ, ಆಗಸ್ಟಿನಲ್ಲಿ ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು, ಕೊರಿಯರ್‌ಗೆ ಒಂದು ವಾರ ಹೆಚ್ಚು ಇಟ್ಟುಕೊಳ್ಳಿ.

ಪೊಟ್ಟಣದೊಳಗೆ ಒಂದು ಚೀಟಿ ಇಡಿ. ಹುರಿದ ದಿನಾಂಕ, ಬೀಜದ ಹೆಸರು, ಆಮೇಲೆ ಪುಡಿ ಮಾಡುವ ಕ್ರಮ: ಪೂರ್ತಿ ಒಣಗಿದ ಚಟ್ನಿ ಜಾರಿನಲ್ಲಿ ಒಮ್ಮೆಗೆ 25–30 ಗ್ರಾಂ ಮಾತ್ರ, ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರು ಅಲುಗಿಸಿ, ಮತ್ತೆ ಮೂರು ಸೆಕೆಂಡ್, ಜಾರು ಬಿಸಿಯಾದರೆ ತಣಿಯಲು ಬಿಡಿ, ಸಣ್ಣ ರವೆಯಷ್ಟಾದರೆ ಸಾಕು, ಹಿಟ್ಟಾಗಬಾರದು. ಫಿಲ್ಟರಿಗೆ ಹಾಕಿ ಅದುಮದೆ ಸಮ ಮಾಡಿ, ಮೊದಲು ಪುಡಿ ನೆನೆಯುವಷ್ಟು ಬಿಸಿನೀರು, ಅರ್ಧ ನಿಮಿಷದ ಮೇಲೆ ಉಳಿದದ್ದು. ಕಾಲು ಗಂಟೆಯಲ್ಲಿ ಡಿಕಾಕ್ಷನ್ ಇಳಿದಿರಬೇಕು. ಐದೇ ನಿಮಿಷದಲ್ಲಿ ಇಳಿದರೆ ಪುಡಿ ತರಿಯಾಯಿತು, ಅರ್ಧ ಗಂಟೆಯಾದರೂ ತೊಟ್ಟಿಕ್ಕುತ್ತಿದ್ದರೆ ನುಣ್ಣಗಾಯಿತು. ಮರುದಿನ ಅಷ್ಟು ಮಾತ್ರ ಸರಿಪಡಿಸಿಕೊಳ್ಳಲಿ.