‘200 ಆಂಪಿಯರ್, ಅಲ್ಯೂಮಿನಿಯಂಗೂ ಸೈ’ ಎಂದು ಮಾರುವ ಅಗ್ಗದ ಟಿಗ್ ಯಂತ್ರಗಳ ಬಗ್ಗೆ ಎಚ್ಚರ

ಮನೆಯ ಶೆಡ್‌ನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಲು ಮೊದಲ ಟಿಗ್ ವೆಲ್ಡಿಂಗ್ ಯಂತ್ರವನ್ನು ಕೊಳ್ಳಬೇಕೆಂದಿರುವವರು ಹಣ ಕಟ್ಟುವ ಮುನ್ನ ಇದನ್ನು ಓದಬೇಕೆಂದು ಬರೆಯುತ್ತಿದ್ದೇನೆ. ಟಿಗ್ ಎಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯಿಂದ (ಆರ್ಕ್), ಆರ್ಗಾನ್ ಅನಿಲದ ಹೊದಿಕೆಯಲ್ಲಿ ಲೋಹವನ್ನು ಕರಗಿಸಿ ಬೆಸೆಯುವ ವಿಧಾನ. ನಾನು ಆನ್‌ಲೈನ್‌ನಲ್ಲಿ ತರಿಸಿದ ಯಂತ್ರದ ಜಾಹೀರಾತಿನಲ್ಲಿ ‘200 ಆಂಪಿಯರ್, ಎಂಎಸ್, ಎಸ್‌ಎಸ್, ಅಲ್ಯೂಮಿನಿಯಂ ಎಲ್ಲಕ್ಕೂ ಸೈ, ಮನೆಯ ಸಾಕೆಟ್‌ನಲ್ಲೇ ಓಡುತ್ತದೆ’ ಎಂಬ ಸಾಲಿತ್ತು. ಎಂಎಸ್ (ಸಾದಾ ಉಕ್ಕು) ಮತ್ತು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕುರಿತ ಮಾತನ್ನು ಬಿಟ್ಟರೆ ಆ ಸಾಲಿನಲ್ಲಿ ಉಳಿದದ್ದು ಯಾವುದೂ ನಿಜವಾಗಿರಲಿಲ್ಲ.

ಅಲ್ಯೂಮಿನಿಯಂನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ಮೋಸಹೋಗುವುದು ಅಲ್ಲಿಯೇ. ಈ ಲೋಹ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆ ಕರಗಬೇಕಾದರೆ 2,000 ಡಿಗ್ರಿಗೂ ಮೀರಿದ ಶಾಖ ಬೇಕು. ಎಸಿ ಟಿಗ್‌ನಲ್ಲಿ ವಿದ್ಯುತ್ತಿನ ದಿಕ್ಕು ಬದಲಾಗುತ್ತಲೇ ಇರುವುದರಿಂದ ಒಂದು ಅರ್ಧಾವರ್ತ ಆ ಪೊರೆಯನ್ನು ಒಡೆದು ತೆಗೆಯುತ್ತದೆ, ಇನ್ನೊಂದು ಅರ್ಧಾವರ್ತ ಲೋಹವನ್ನು ಕರಗಿಸುತ್ತದೆ. ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತನ್ನು ಮಾತ್ರ ಕೊಡುವ ಯಂತ್ರದಲ್ಲಿ ಎಂದಿನಂತೆ ಆರ್ಗಾನ್ ಹಾಯಿಸಿ ಪ್ರಯತ್ನಿಸಿದರೆ ಒಳಗಿನ ಲೋಹ ನೀರಾದರೂ ಮೇಲಿನ ಪೊರೆ ಹಾಗೆಯೇ ನಿಂತು, ಅಂಚುಗಳು ಒಂದಕ್ಕೊಂದು ಕೂಡದೆ, ಕೊನೆಗೆ ತುಂಡೇ ಕುಸಿದು ತೂತಾಗುತ್ತದೆ. ನನಗೆ ಬಂದದ್ದು ಅಂತಹ ಡಿಸಿ ಯಂತ್ರ. ಅದರ ಮುಖಫಲಕದಲ್ಲಿ ಎಸಿ ಆಯ್ಕೆಯೇ ಇರಲಿಲ್ಲ. ಮಾರಾಟಗಾರರನ್ನು ಕೇಳಿದಾಗ ‘ಅಲ್ಯೂಮಿನಿಯಂ ಫಿಲ್ಲರ್ ರಾಡ್ ಹಾಕಿ ನೋಡಿ, ಆಗುತ್ತದೆ’ ಎಂಬ ಉತ್ತರ ಬಂತು. ಬೆಸುಗೆಗೆ ಕರಗಿಸಿ ತುಂಬುವ ಆ ರಾಡನ್ನು ಬದಲಿಸಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಅದು. ಎಸಿ ಮತ್ತು ಡಿಸಿ ಎರಡನ್ನೂ ಕೊಡುವ ಯಂತ್ರಕ್ಕೆ ಬೆಲೆ ಬಹಳ ಹೆಚ್ಚು. ಆದ್ದರಿಂದ ಡಿಸಿ ಯಂತ್ರದ ಬೆಲೆಗೆ ಅಲ್ಯೂಮಿನಿಯಂನ ಆಸೆ ತೋರಿಸುವವರನ್ನು ಅಲ್ಲಿಗೇ ಬಿಡಬಹುದು. ವರ್ಷಕ್ಕೊಮ್ಮೆ ಅಲ್ಯೂಮಿನಿಯಂ ಕೆಲಸ ಬರುವವರು ಅದನ್ನು ಊರಿನ ಕೈಗಾರಿಕಾ ಪ್ರದೇಶದ ಆರ್ಗಾನ್ ವೆಲ್ಡಿಂಗ್ ಅಂಗಡಿಗೆ ಕೊಟ್ಟು, ಮನೆಗೆ ಒಳ್ಳೆಯ ಡಿಸಿ ಯಂತ್ರವನ್ನಷ್ಟೇ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಇನ್ನು ಆ 200 ಆಂಪಿಯರ್. ಉಕ್ಕಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ಸ್ಥೂಲ ಲೆಕ್ಕ. ಅಡುಗೆಮನೆಯ ಸ್ಟ್ಯಾಂಡ್‌ಗೆ ಬಳಸುವ 1.2 ಮಿಲಿಮೀಟರ್‌ನ ಎಸ್‌ಎಸ್ ಪೈಪಿಗೆ 50 ಆಂಪಿಯರ್ ಸಾಕು, 3 ಮಿಲಿಮೀಟರ್ ಪಟ್ಟಿಗೆ 120 ಸಾಕು. ಮನೆಯ ಕೆಲಸದಲ್ಲಿ 150 ದಾಟುವ ಸಂದರ್ಭವೇ ಅಪರೂಪವಾಗಿರುವಾಗ ನಾವು ಕೇಳಬೇಕಾದ್ದು ಯಂತ್ರ ಎಷ್ಟು ಕೆಳಗಿಳಿದು ಸ್ಥಿರವಾಗಿ ಉರಿಯುತ್ತದೆ ಎಂಬುದನ್ನು. ನನ್ನ ಯಂತ್ರದ ಗುಂಡಿಯ ಸುತ್ತ 10 ಎಂದು ಅಚ್ಚಾಗಿದ್ದರೂ 30ರ ಕೆಳಗೆ ಆರ್ಕ್ ತಡವರಿಸಿ ಆರಿಹೋಗುತ್ತಿತ್ತು. ಹೊತ್ತಿಕೊಳ್ಳುವಾಗಲಂತೂ ಒಮ್ಮೆಗೇ ಜೋರಾಗಿ ಬಂದು ತೆಳು ತಗಡಿನ ಅಂಚನ್ನು ತಿಂದುಹಾಕುತ್ತಿತ್ತು. ಮೇಲಿನ ತುದಿಯಲ್ಲೂ ಅದೇ ಕಥೆ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ನೋಡಿದಾಗ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಅದು 140ರ ಆಸುಪಾಸಿನಲ್ಲೇ ನಿಂತಿತು. ಡ್ಯೂಟಿ ಸೈಕಲ್‌ನ ವಿಚಾರವೂ ಇದಕ್ಕೆ ಸೇರಿದ್ದೇ. 60 ಪ್ರತಿಶತ ಎಂದರೆ 10 ನಿಮಿಷಗಳಲ್ಲಿ 6 ನಿಮಿಷ ವೆಲ್ಡ್ ಮಾಡಿ 4 ನಿಮಿಷ ಯಂತ್ರವನ್ನು ತಣಿಯಲು ಬಿಡಬೇಕೆಂದು ಅರ್ಥ. ಯಾವ ಆಂಪಿಯರ್‌ನಲ್ಲಿ 60 ಪ್ರತಿಶತ, ಸುತ್ತಲಿನ ಉಷ್ಣತೆ ಎಷ್ಟಿದ್ದಾಗ ಎಂಬ ಎರಡು ಮಾತುಗಳು ಪಕ್ಕದಲ್ಲಿ ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ನಂಬಿಕಸ್ಥ ತಯಾರಕರು ಹಿಂಬದಿಯ ಲೋಹದ ಫಲಕದಲ್ಲಿ ಇವನ್ನೆಲ್ಲ ಕೋಷ್ಟಕವಾಗಿ ಕೊಟ್ಟಿರುತ್ತಾರೆ. ನನ್ನ ಯಂತ್ರದಲ್ಲಿದ್ದದ್ದು ಒಂದು ಬಣ್ಣದ ಸ್ಟಿಕ್ಕರ್ ಮಾತ್ರ.

‘ಮನೆಯ ಸಾಕೆಟ್’ ಎಂಬ ಮಾತನ್ನು ಪರೀಕ್ಷಿಸಲು ಕಾಗದ, ಪೆನ್ಸಿಲ್ ಸಾಕು. ಟಿಗ್‌ನಲ್ಲಿ 200 ಆಂಪಿಯರ್‌ಗೆ ಆರ್ಕ್ ವೋಲ್ಟೇಜನ್ನು 18 ಎಂದು ಲೆಕ್ಕ ಹಿಡಿಯುತ್ತಾರೆ, ಅಂದರೆ ಆರ್ಕ್‌ನಲ್ಲೇ 3.6 ಕಿಲೋವಾಟ್. ಯಂತ್ರದೊಳಗಿನ ನಷ್ಟ ಮತ್ತು ಪವರ್ ಫ್ಯಾಕ್ಟರ್ ಸೇರಿಸಿದರೆ 230 ವೋಲ್ಟ್‌ನ ಲೈನಿನಿಂದ 25 ಆಂಪಿಯರ್‌ಗೂ ಹೆಚ್ಚು ಎಳೆಯಬೇಕಾಗುತ್ತದೆ, ನಮ್ಮ ಮನೆಗಳ ಪವರ್ ಸಾಕೆಟ್ ಇರುವುದೋ 16 ಆಂಪಿಯರ್‌ನದು. 200 ಆಂಪಿಯರ್ ಎಂಬುದೂ ಮನೆಯ ಸಾಕೆಟ್ ಎಂಬುದೂ ಒಟ್ಟಿಗೆ ನಿಜವಾಗುವಂತಿಲ್ಲ. 100 ಆಂಪಿಯರ್‌ನ ಆಸುಪಾಸಿನಲ್ಲಿ ಕೆಲಸ ಮಾಡಿದರೆ ಆ ಸಾಕೆಟ್ ತಾಳಿಕೊಳ್ಳುತ್ತದೆ. ಅದಕ್ಕೂ ಅರ್ಥಿಂಗ್ ಸರಿಯಿರಬೇಕು, ಎಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿಕೊಂಡಿರಬೇಕು. ಸಂಜೆಯ ಹೊತ್ತಿಗೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ ಯಂತ್ರ ಕನಿಷ್ಠ ಎಷ್ಟು ವೋಲ್ಟ್‌ನಲ್ಲಿ ಓಡುತ್ತದೆ ಎಂಬುದನ್ನೂ ಕೇಳಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಟಾರ್ಚ್, ಅಂದರೆ ಟಂಗ್‌ಸ್ಟನ್ ಕಡ್ಡಿಯನ್ನು ಹಿಡಿದು ಗ್ಯಾಸ್ ಹಾಯಿಸುವ ಕೈಹಿಡಿಕೆ. ಜಾಹೀರಾತಿನ ಚಿತ್ರದಲ್ಲಿ ಸ್ವಿಚ್ ಇರುವ ಟಾರ್ಚ್ ಇತ್ತು. ಪೆಟ್ಟಿಗೆಯಲ್ಲಿ ಬಂದದ್ದು ಕೈಯಿಂದ ತಿರುಗಿಸುವ ಗ್ಯಾಸ್ ವಾಲ್ವ್‌ನ ಟಾರ್ಚ್. ಈ ವ್ಯತ್ಯಾಸ ಹೊಸಬರಿಗೆ ಸಣ್ಣದಾಗಿ ಕಾಣುತ್ತದೆ. ಸ್ವಿಚ್ ಇರುವ, ಒಳಗೆ ಗ್ಯಾಸನ್ನು ತಾನೇ ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಇರುವ ಯಂತ್ರದಲ್ಲಿ ಹೈ ಫ್ರೀಕ್ವೆನ್ಸಿ ಕಿಡಿಯಿಂದ ಟಂಗ್‌ಸ್ಟನ್ ಲೋಹಕ್ಕೆ ತಾಗದೆಯೇ ಆರ್ಕ್ ಹೊತ್ತಿಕೊಳ್ಳುತ್ತದೆ, ಸ್ವಿಚ್ ಬಿಟ್ಟಾಗ ಡೌನ್ ಸ್ಲೋಪ್‌ನಿಂದ ಕರೆಂಟ್ ಮೆಲ್ಲಗೆ ಇಳಿಯುತ್ತದೆ, ಪೋಸ್ಟ್ ಫ್ಲೋನಿಂದ ಇನ್ನೂ ಕೆಲವು ಸೆಕೆಂಡು ಗ್ಯಾಸ್ ಹರಿದು ಬಿಸಿ ಲೋಹವನ್ನೂ ಟಂಗ್‌ಸ್ಟನ್ ತುದಿಯನ್ನೂ ಗಾಳಿಯಿಂದ ಕಾಯುತ್ತದೆ. ನನ್ನ ಯಂತ್ರದಲ್ಲಿ ಇವೊಂದೂ ಇರಲಿಲ್ಲ. ಟಂಗ್‌ಸ್ಟನ್ ತುದಿಯನ್ನು ಲೋಹಕ್ಕೆ ಗೀರಿಯೇ ಆರ್ಕ್ ಹೊತ್ತಿಸಬೇಕಾದ್ದರಿಂದ ಪದೇ ಪದೇ ತುದಿ ಅಂಟಿಕೊಳ್ಳುತ್ತಿತ್ತು, ಪದೇ ಪದೇ ಗ್ರೈಂಡ್ ಮಾಡಬೇಕಾಗುತ್ತಿತ್ತು. ಆರ್ಕ್ ನಿಲ್ಲಿಸಲು ಟಾರ್ಚನ್ನು ಎಳೆದುಕೊಂಡರೆ ಗ್ಯಾಸಿನ ಹೊದಿಕೆಯೂ ಜೊತೆಗೇ ಸರಿದು, ಪ್ರತಿ ಬೀಡ್‌ನ (ಬೆಸುಗೆಯ ಗೆರೆಯ) ಕೊನೆಯಲ್ಲಿ ಕಪ್ಪು ಗುಳಿಯೊಂದು ಉಳಿಯುತ್ತಿತ್ತು. ವಾಲ್ವ್ ಟಾರ್ಚ್‌ನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಹಳೆಯ ಕೈಗಳಿವೆ, ಅಲ್ಲಗಳೆಯುವುದಿಲ್ಲ. ಕಲಿಯುವವರಿಗೆ ಮಾತ್ರ ಅದು ಶಿಕ್ಷೆ.

ಗ್ಯಾಸಿನ ಖರ್ಚನ್ನು ಯಂತ್ರ ಮಾರುವವರು ಎತ್ತುವುದೇ ಇಲ್ಲ. ತಂತಿಯನ್ನೇ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗಿಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಮಿಶ್ರಣ ಇಲ್ಲಿ ನಡೆಯದು, ಟಂಗ್‌ಸ್ಟನ್ ಸುಟ್ಟುಹೋಗುತ್ತದೆ. ಶುದ್ಧ ಆರ್ಗಾನೇ ಬೇಕು. ನಿಮಿಷಕ್ಕೆ 8 ಲೀಟರ್‌ನಂತೆ ಹರಿಸಿದರೆ 1.5 ಘನ ಮೀಟರ್‌ನ ಸಣ್ಣ ಸಿಲಿಂಡರ್ ಸುಮಾರು 3 ಗಂಟೆ, 7 ಘನ ಮೀಟರ್‌ನ ದೊಡ್ಡದು 14 ಗಂಟೆಗೂ ಹೆಚ್ಚು ಬರುತ್ತದೆ. ಸಿಲಿಂಡರ್ ಕೊಳ್ಳುವಾಗ ಅದರ ಹೆಗಲ ಮೇಲೆ ಒತ್ತಿರುವ ಪರೀಕ್ಷೆಯ ದಿನಾಂಕವನ್ನು ನೋಡಿಕೊಳ್ಳಬೇಕು, ಅವಧಿ ಮೀರಿದ್ದನ್ನು ತುಂಬಿಕೊಡುವಂತಿಲ್ಲ. ಆರ್ಗಾನ್‌ಗೆ ವಾಸನೆಯಿಲ್ಲ ಮತ್ತು ಅದು ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರುಗಟ್ಟಿಸುತ್ತದೆ, ಆದ್ದರಿಂದ ಸಿಲಿಂಡರನ್ನು ಮಲಗುವ ಕೋಣೆಯ ಪಕ್ಕದ ಸ್ಟೋರ್‌ರೂಮಿನಲ್ಲಿ ಇಡಬೇಡಿ.

ವಾರಂಟಿಯ ಷರತ್ತಿನಲ್ಲಿ ಯಂತ್ರವನ್ನು ಬೇರೆ ರಾಜ್ಯದ ಸರ್ವೀಸ್ ಕೇಂದ್ರಕ್ಕೆ ನಮ್ಮ ಖರ್ಚಿನಲ್ಲಿ ಕಳುಹಿಸಬೇಕೆಂದು ಬರೆದಿತ್ತು. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಅಂಗಡಿಗೆ ಹೋಗಿ, ನೀವು ಬಳಸುವ ಪೈಪಿನದೇ ಒಂದು ತುಂಡನ್ನು ಕೊಟ್ಟು, ಕಡಿಮೆ ಆಂಪಿಯರ್‌ನಲ್ಲಿ ವೆಲ್ಡ್ ಮಾಡಿ ತೋರಿಸಲು ಕೇಳಿ. ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ. ಆನ್‌ಲೈನ್‌ನಲ್ಲೇ ಕೊಳ್ಳುವುದಾದರೆ ಜಾಹೀರಾತಿನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾನು ದೂರು ಕೊಟ್ಟ ಮೇಲೆ ಅಲ್ಯೂಮಿನಿಯಂ ಎಂಬ ಪದ ಆ ಪುಟದಿಂದ ಮಾಯವಾಯಿತು. ಸ್ಕ್ರೀನ್‌ಶಾಟ್ ಇದ್ದುದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ ನಂತರ ಯಂತ್ರದ ಹಣ ಮರಳಿತು, ಸಾಗಣೆಯ ಖರ್ಚು ಮರಳಲಿಲ್ಲ. ಅದೇ ಯಂತ್ರ ಈಗ ಬೇರೆ ಬಣ್ಣದಲ್ಲಿ, ಬೇರೆ ಹೆಸರಿನಲ್ಲಿ, ‘250 ಆಂಪಿಯರ್’ ಎಂಬ ಸ್ಟಿಕ್ಕರ್ ಹಚ್ಚಿಕೊಂಡು ಮಾರಾಟಕ್ಕಿದೆ. ಮುಖಫಲಕದಲ್ಲಿ ಎಸಿ ಆಯ್ಕೆ ಈಗಲೂ ಇಲ್ಲ.